ಬಳಲಿಕೆಯ ಕಾಯಿಲೆಯವರ ಮನೆಯಲ್ಲಿ ಸ್ಮಾರ್ಟ್ ತೂಕದ ಯಂತ್ರ: ಒಂದೂವರೆ ವರ್ಷದ ಬಳಕೆಯ ನಂತರ

2024ರ ಜನವರಿಯಲ್ಲಿ 1,799 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿಕೊಂಡ ಸ್ಮಾರ್ಟ್ ತೂಕದ ಯಂತ್ರವನ್ನು ಒಂದೂವರೆ ವರ್ಷ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಗಾಜಿನ ಮೇಲ್ಮೈ, ಪಾದ ಇಡುವಲ್ಲಿ ನಾಲ್ಕು ಲೋಹದ ಪಟ್ಟಿಗಳು, ಬ್ಲೂಟೂತ್ ಮೂಲಕ ಮೊಬೈಲಿಗೆ ಲೆಕ್ಕ ಕಳಿಸುವ ಒಂದು ಆ್ಯಪ್, ಇಷ್ಟಿರುವ ಯಂತ್ರಗಳು ಹತ್ತಾರು ಹೆಸರುಗಳಲ್ಲಿ ಸಿಗುತ್ತವೆ, ಮತ್ತು ನಾನು ಹೇಳಲಿರುವ ಒಳಿತು ಕೆಡುಕುಗಳಲ್ಲಿ ಹೆಚ್ಚಿನವು ಅವೆಲ್ಲಕ್ಕೂ ಅನ್ವಯಿಸುತ್ತವೆ. ತೂಕ ಇಳಿಸಿಕೊಳ್ಳಲೆಂದು ಇದನ್ನು ಕೊಳ್ಳುವವರಿಗಾಗಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಇದು, ದಿನದ ಹೆಚ್ಚು ಹೊತ್ತನ್ನು ಹಾಸಿಗೆಯಲ್ಲಿ ಕಳೆಯುತ್ತಾ, ತಮ್ಮ ತೂಕ ಏಕೆ ಏರುತ್ತಿದೆ ಅಥವಾ ಏಕೆ ಇಳಿಯುತ್ತಿದೆ ಎಂಬುದು ತಿಳಿಯದೆ ಕಂಗಾಲಾಗಿರುವವರಿಗಾಗಿ ಬರೆದದ್ದು.

ನನಗೆ 2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಜ್ವರ ಹತ್ತು ದಿನದಲ್ಲಿ ಬಿಟ್ಟಿತು, ಸುಸ್ತು ಬಿಡಲಿಲ್ಲ. ಎಂಇ/ಸಿಎಫ್‌ಎಸ್, ಅಂದರೆ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಅಥವಾ ದೀರ್ಘಕಾಲೀನ ಬಳಲಿಕೆಯ ಕಾಯಿಲೆ ಎಂದು ವೈದ್ಯರೊಬ್ಬರು ಬರೆದುಕೊಡುವ ಹೊತ್ತಿಗೆ 2022 ಮುಗಿಯುತ್ತ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲಿಯೇ ನರವ್ಯೂಹದ ಕಾಯಿಲೆಗಳ ಪಟ್ಟಿಗೆ ಸೇರಿಸಿದ ಈ ರೋಗದ ಮುಖ್ಯ ಗುರುತು ಬರೀ ಸುಸ್ತಲ್ಲ. ಮೈಗೆ ಅಥವಾ ಮನಸ್ಸಿಗೆ ತುಸು ಶ್ರಮವಾದರೂ ಆ ಕ್ಷಣದಲ್ಲಿ ಏನೂ ಆಗದೆ, ಒಂದೆರಡು ದಿನ ಬಿಟ್ಟು ಮೈ ಪೂರ್ತಿ ಕುಸಿದುಬೀಳುವುದು ಅದರ ಗುರುತು. ತೂಕದ ಏರಿಳಿತವನ್ನು ಇದರ ಮುಖ್ಯ ಲಕ್ಷಣವೆಂದು ಈಗಿನ ಮಾನದಂಡಗಳು ಹೇಳುವುದಿಲ್ಲ. ಆದರೆ 2003ರಲ್ಲಿ ಪ್ರಕಟವಾದ ಕೆನಡಾದ ಮಾನದಂಡಗಳಲ್ಲಿ, ಹಾರ್ಮೋನುಗಳಿಗೂ ನರಗಳಿಗೂ ಸಂಬಂಧಿಸಿದ ಲಕ್ಷಣಗಳ ಸಾಲಿನಲ್ಲಿ, ಎದ್ದು ಕಾಣುವ ತೂಕದ ವ್ಯತ್ಯಾಸ ಮತ್ತು ಹಸಿವಿನ ಏರುಪೇರು ಎಂಬ ಮಾತಿದೆ. ಅದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು, ಏಕೆಂದರೆ ಅಲ್ಲಿಯವರೆಗೆ ನನ್ನ ತೂಕದ ಬಗ್ಗೆ ಕೇಳಿದ್ದೆಲ್ಲ ಬೀದಿಯ ಮಾತೇ ಆಗಿತ್ತು. ಒಂದು ಹಬ್ಬಕ್ಕೆ ಬಂದವರು "ಯಾಕ್ರೀ ಹೀಗೆ ಸೊರಗಿಹೋಗಿದ್ದೀರಿ" ಎಂದರೆ, ಮುಂದಿನ ಹಬ್ಬಕ್ಕೆ ಅವರೇ "ಆರಾಮಾಗಿ ಮನೇಲಿ ಕೂತು ಮೈ ಬಂದಿದೆ ನೋಡಿ ನಿಮಗೆ" ಎನ್ನುತ್ತಿದ್ದರು. ಎರಡಕ್ಕೂ ಉತ್ತರವಾಗಿ ಒಂದು ಲೆಕ್ಕವಾದರೂ ಕೈಯಲ್ಲಿರಲಿ ಎಂದು ಈ ಯಂತ್ರವನ್ನು ತರಿಸಿದೆ.

ಮೊದಲು ತೂಕದ ಮಾತು. ಯಂತ್ರದ ನಾಲ್ಕು ಮೂಲೆಗಳ ಅಡಿಯಲ್ಲಿ, ಭಾರ ಬಿದ್ದಾಗ ಕೂದಲೆಳೆಯಷ್ಟು ಬಾಗುವ ಲೋಹದ ತುಣುಕುಗಳಿರುತ್ತವೆ. ಆ ಬಾಗುವಿಕೆಯಿಂದ ಬದಲಾಗುವ ವಿದ್ಯುತ್ ರೋಧವನ್ನು ಕೆಜಿಯ ಲೆಕ್ಕಕ್ಕೆ ಪರಿವರ್ತಿಸುವುದಷ್ಟೇ ಅದರ ಕೆಲಸ. ಇದು ಸರಿಯಾಗಿ ತೂಗುತ್ತದೆಯೇ ಎಂದು ಪರೀಕ್ಷಿಸಲು ತೂಕದ ಬಟ್ಟುಗಳು ಎಲ್ಲರ ಮನೆಯಲ್ಲೂ ಇರುವುದಿಲ್ಲ, ಆದರೆ ಗ್ಯಾಸ್ ಸಿಲಿಂಡರ್ ಇರುತ್ತದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲ್ಭಾಗದಲ್ಲಿ ಬರೆದಿರುತ್ತಾರೆ, ಒಳಗಿನ ಅನಿಲ 14.2 ಕೆಜಿ ಎಂಬುದು ಗೊತ್ತೇ ಇದೆ. ಸಿಲಿಂಡರ್ ತಂದುಕೊಟ್ಟ ಹುಡುಗನಿಗೆ ಹೇಳಿ, ಗಾಜು ಒಡೆಯದಂತೆ ಒಂದು ರಟ್ಟು ಹಾಸಿ, ಸೀಲ್ ಒಡೆಯದ ಸಿಲಿಂಡರನ್ನು ಯಂತ್ರದ ಮೇಲೆ ಮೂರು ಸಲ ಇಡಿಸಿದೆ. ಮೇಲೆ 15.4 ಎಂದು ಬರೆದಿತ್ತು, ಒಟ್ಟು 29.6 ಬರಬೇಕು. ಯಂತ್ರ 29.5, 29.6, 29.6 ಎಂದು ತೋರಿಸಿತು. ಆ ಹುಡುಗ, "ಅಮ್ಮ, ನಮ್ಮ ಸ್ಪ್ರಿಂಗ್ ತಕ್ಕಡಿಗಿಂತ ಇದೇ ವಾಸಿ" ಎಂದು ಸರ್ಟಿಫಿಕೇಟ್ ಕೊಟ್ಟು, ತಾನೂ ಒಮ್ಮೆ ಹತ್ತಿ ನೋಡಿ ಹೋದ.

ಈ ನಿಖರತೆಯಲ್ಲಿ ಒಂದು ಸಣ್ಣ ಮೋಸವೂ ಇದೆ, ಅದನ್ನು ತಿಳಿದುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಒಮ್ಮೆ ತೂಕ ನೋಡಿ ಇಳಿದು, 200 ಮಿಲಿಲೀಟರ್ ನೀರಿನ ಲೋಟವನ್ನು ಕೈಯಲ್ಲಿ ಹಿಡಿದು ಮತ್ತೆ ಹತ್ತಿದರೆ, ಯಂತ್ರ ಹಿಂದಿನ ಅಂಕಿಯನ್ನೇ ತೋರಿಸುತ್ತಿತ್ತು. ವ್ಯತ್ಯಾಸ ಚಿಕ್ಕದಿದ್ದರೆ ಹಿಂದಿನ ತೂಕವನ್ನೇ ನೆನಪಿಟ್ಟುಕೊಂಡು ಮರಳಿ ಒಪ್ಪಿಸುವುದು ಇಂಥ ಯಂತ್ರಗಳ ಚಾಳಿ. ಎರಡು ಸಲ ಹತ್ತಿದರೂ ಒಂದೇ ಉತ್ತರ ಬಂತೆಂದು ಗಿರಾಕಿ ಖುಷಿಪಡಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರವಿರಬೇಕು. ನಡುವೆ ಒಂದು ಬಕೆಟ್ ನೀರನ್ನೋ ಇನ್ನೇನನ್ನೋ ತೂಗಿ, ಆಮೇಲೆ ಹತ್ತಿದರೆ ನಿಜವಾದ ಅಂಕಿ ಬರುತ್ತದೆ. ನಮ್ಮಂಥವರಿಗೆ ಬಕೆಟ್ ಎತ್ತುವುದೇ ಒಂದು ದಿನದ ಕೆಲಸವಾದ್ದರಿಂದ, ವಾರಕ್ಕೊಮ್ಮೆ ಮಾತ್ರ ನೋಡುವುದು ಸುಲಭವಾದ ಪರಿಹಾರ. ನೆಲದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ಚಾಪೆ, ಕಾರ್ಪೆಟ್ ಬೇಡ, ಹಳೆಯ ಮನೆಯ ಏರುತಗ್ಗಿನ ಕಡಪಾ ಕಲ್ಲಿನ ನೆಲವೂ ಬೇಡ, ಒಂದೇ ಟೈಲ್ಸನ್ನು ಗೊತ್ತು ಮಾಡಿಕೊಂಡು ಪ್ರತಿಸಲವೂ ಅಲ್ಲೇ ಇಡಬೇಕು. ನಮ್ಮ ಮನೆಯಲ್ಲಿ ಪಡಸಾಲೆಗೂ ಹಿತ್ತಲ ಕಡೆಯ ಹಾಲಿಗೂ 700 ಗ್ರಾಂ ವ್ಯತ್ಯಾಸ ಬರುತ್ತಿತ್ತು.

ಕಾಯಿಲೆಯವರ ದೃಷ್ಟಿಯಿಂದ ಇದರ ದೊಡ್ಡ ದೋಷ ನಿಂತುಕೊಳ್ಳುವುದರಲ್ಲಿದೆ. ತೂಕದ ಅಂಕಿ ಮೂರು ನಾಲ್ಕು ಸೆಕೆಂಡಿನಲ್ಲಿ ಬಂದುಬಿಡುತ್ತದೆ, ಆದರೆ ಕೊಬ್ಬಿನ ಪ್ರಮಾಣವನ್ನು ಅಳೆಯುವ ವೃತ್ತ ಇನ್ನೂ ಹತ್ತು ಸೆಕೆಂಡು ಸುತ್ತುತ್ತಲೇ ಇರುತ್ತದೆ, ಅದು ಮುಗಿಯುವವರೆಗೆ ಬರಿಗಾಲಿನಲ್ಲಿ ಅಲುಗಾಡದೆ ನಿಲ್ಲಬೇಕು. ಹತ್ತು ಸೆಕೆಂಡು ಯಾವ ಮಹಾ ಎನ್ನಬಹುದು. ನಮ್ಮಲ್ಲಿ ಅನೇಕರಿಗೆ ಎದ್ದುನಿಂತ ಕೂಡಲೇ ರಕ್ತ ಕಾಲಿಗಿಳಿದು, ಎದೆ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟುಕೊಳ್ಳುತ್ತದೆ. ನಿಂತ ಹತ್ತು ನಿಮಿಷದೊಳಗೆ ನಾಡಿಬಡಿತ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿ ಹಾಗೇ ಉಳಿದರೆ ಅದಕ್ಕೆ ಪಾಟ್ಸ್ ಎಂಬ ಹೆಸರೇ ಇದೆ. ಮೈಗೆ ಅತಿ ಕಷ್ಟದ ಹೊತ್ತು ಬೆಳಗ್ಗೆ ಎದ್ದ ಕೂಡಲೆ. ತೂಕ ನೋಡಲು ಪ್ರಶಸ್ತವಾದ ಹೊತ್ತು ಎಂದು ಯಂತ್ರದ ಕೈಪಿಡಿ ಹೇಳುವುದೂ ಅದನ್ನೇ, ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನನ್ನೂ ಕುಡಿಯುವ ಮುನ್ನ. ಮೊದಲ ತಿಂಗಳಲ್ಲೇ ಒಂದು ಬೆಳಗ್ಗೆ ಆ ವೃತ್ತ ಸುತ್ತುತ್ತಿರುವಾಗ ನಾನು ಗೋಡೆ ಹಿಡಿದೆ. ಗೋಡೆ ಹಿಡಿದರೆ ತೂಕ ಕಡಿಮೆ ತೋರಿಸುತ್ತದೆ. ಕಾಲುಚೀಲ ಹಾಕಿಕೊಂಡರೆ ಕೊಬ್ಬಿನ ಲೆಕ್ಕಕ್ಕೆ ಹೋಗದೆ ಬರೀ ತೂಕ ತೋರಿಸುತ್ತದೆ ಎಂದು ಮಗಳು ಕಂಡುಹಿಡಿದಳು, ಆದರೆ ಗಾಜಿನ ಮೇಲೆ ಕಾಲುಚೀಲ ಜಾರುತ್ತದೆ. ಕೊನೆಗೆ, ಅಂಕಿ ಮಿನುಗಿದ ಕೂಡಲೇ ಇಳಿದು, ಪಕ್ಕದ ಕುರ್ಚಿಯಲ್ಲಿ ಕುಳಿತುಬಿಡುವುದನ್ನು ರೂಢಿ ಮಾಡಿಕೊಂಡೆ. ಹಾಗೆ ಅರ್ಧಕ್ಕೆ ಇಳಿದರೆ ಆ್ಯಪ್ ಎಷ್ಟೋ ಸಲ ತೂಕವನ್ನು ದಾಖಲಿಸಿಕೊಳ್ಳುವುದಿಲ್ಲ. ಆದ್ದರಿಂದ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ, ತಿಥಿ ನಕ್ಷತ್ರಗಳ ಪಕ್ಕದ ಇಷ್ಟೇ ಜಾಗದಲ್ಲಿ, ಪೆನ್ಸಿಲಿನಿಂದ ಬರೆದಿಡತೊಡಗಿದೆ. ಈ ಅನಿವಾರ್ಯವೇ ಮುಂದೆ ಬಹಳ ಉಪಯೋಗಕ್ಕೆ ಬಂತು.

ಕೊಬ್ಬು, ಸ್ನಾಯು, ನೀರು, ಮೂಳೆ, "ದೇಹದ ವಯಸ್ಸು" ಎಂದು ಆ್ಯಪ್ ತೋರಿಸುವ ಹದಿಮೂರು ಅಂಕಿಗಳ ಬಗ್ಗೆ ಈಗ ಹೇಳುತ್ತೇನೆ. ಯಂತ್ರವು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮ್ಮ ಅರಿವಿಗೆ ಬಾರದಷ್ಟು ಸಣ್ಣ ವಿದ್ಯುತ್ತನ್ನು ಹಾಯಿಸುತ್ತದೆ. ನೀರಿರುವ ಸ್ನಾಯುವಿನಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. (ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಬಗೆಯ ಯಂತ್ರವನ್ನು ಹತ್ತಲೇಬಾರದು.) ಹೀಗೆ ಸಿಕ್ಕ ಒಂದೇ ಒಂದು ಅಳತೆಗೆ ನಮ್ಮ ಎತ್ತರ, ವಯಸ್ಸು, ಲಿಂಗಗಳನ್ನು ಸೇರಿಸಿ ಸೂತ್ರ ಹಾಕಿ ಉಳಿದದ್ದನ್ನೆಲ್ಲ ಊಹಿಸುತ್ತದೆ. ಒಂದು ಮಧ್ಯಾಹ್ನ ಬೇಸರಕ್ಕೆ ಆ್ಯಪಿನಲ್ಲಿ ನನ್ನ ವಯಸ್ಸನ್ನು 44ರ ಬದಲು 25 ಎಂದು ಬದಲಾಯಿಸಿ ಹತ್ತಿದೆ, ಕೊಬ್ಬು ಇಳಿಯಿತು. ಗಂಡಸು ಎಂದು ಬದಲಾಯಿಸಿದೆ, ಇನ್ನೂ ಇಳಿಯಿತು. ಇದಕ್ಕಿಂತ ಮುಖ್ಯವಾದದ್ದು ನೀರಿನ ವಿಷಯ. ಬೆಳಗ್ಗೆ 34.1 ಶೇಕಡಾ ಕೊಬ್ಬು ತೋರಿಸಿದ ಯಂತ್ರ ಅದೇ ದಿನ ಸಂಜೆ 31.8 ತೋರಿಸಿತು. ಸಂಜೆಯ ಹೊತ್ತಿಗೆ ನನ್ನ ಕಾಲುಗಳಲ್ಲಿ ನೀರು ಇಳಿದು ಪಾದ ಭಾರವಾಗಿರುತ್ತದೆ, ವಿದ್ಯುತ್ತಿಗೆ ದಾರಿ ಸುಲಭವಾಗುತ್ತದೆ, ಆ್ಯಪ್ ಅದನ್ನು ಕೊಬ್ಬು ಕರಗಿತೆಂದು ಓದಿಕೊಳ್ಳುತ್ತದೆ. ಕಾಲಿನಲ್ಲಿ ರಕ್ತ ನಿಲ್ಲುವವರಿಗೆ, ರಕ್ತದೊತ್ತಡ ಕಡಿಮೆಯೆಂದು ವೈದ್ಯರ ಸಲಹೆಯಂತೆ ಉಪ್ಪು, ಓಆರ್‌ಎಸ್ ಹೆಚ್ಚು ತೆಗೆದುಕೊಳ್ಳುವವರಿಗೆ ಈ ಅಂಕಿಗಳು ಬಿಸಿಲ್ಗುದುರೆಯೇ ಸರಿ. ಮಲಗಿಯೇ ಇರುವವರಲ್ಲಿ ಸ್ನಾಯು ಕರಗಿ ಅದರ ಜಾಗದಲ್ಲಿ ಕೊಬ್ಬು ಕೂಡಿಕೊಂಡರೂ ತೂಕ ಹಾಗೆಯೇ ಇರಬಹುದು, ಮತ್ತು ನಮಗೆ ನಿಜಕ್ಕೂ ತಿಳಿಯಬೇಕಾದದ್ದು ಅದೇ ಆಗಿತ್ತು. ಅಲ್ಲಿಯೇ ಯಂತ್ರ ಕೈಕೊಡುತ್ತದೆ. ಆ ಕೆಲಸಕ್ಕೆ ನಾನೀಗ ದರ್ಜಿಯ ಟೇಪು ಬಳಸುತ್ತೇನೆ. ತಿಂಗಳಿಗೊಮ್ಮೆ ಬೆಳಗಿನ ಹೊತ್ತು, ಹಾಸಿಗೆಯಿಂದ ಏಳುವ ಮೊದಲೇ, ಮೀನಖಂಡದ ಅತಿ ದಪ್ಪ ಭಾಗವನ್ನು ಅಳೆಯುತ್ತೇನೆ. ಇಪ್ಪತ್ತು ರೂಪಾಯಿಯ ಟೇಪು, ಚಾರ್ಜು ಬೇಡ, ಬ್ಲೂಟೂತ್ ಬೇಡ.

ಜನವರಿಯಲ್ಲಿ 58.4 ಇದ್ದ ನನ್ನ ತೂಕ ಜೂನ್ ಕೊನೆಗೆ 64.6ಕ್ಕೆ ಏರಿತು. ಊಟ ಹೆಚ್ಚಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಏಪ್ರಿಲ್ ಹೊತ್ತಿಗೇ ಆ್ಯಪ್ ಕೆಂಪು ಬಣ್ಣಕ್ಕೆ ತಿರುಗಿ, ಪ್ರತಿ ಸಂಜೆ "ಇನ್ನೂ 6,000 ಹೆಜ್ಜೆ ಬಾಕಿ" ಎಂದು ನೆನಪಿಸತೊಡಗಿತು. ಏಳು ದಿನದ ನಡಿಗೆಯ ಸವಾಲೊಂದನ್ನು ಒಡ್ಡಿತು. ವಿವೇಕವನ್ನು ಬದಿಗಿಟ್ಟು ಒಪ್ಪಿಕೊಂಡೆ, ಮೈಸೂರಿನ ಸರಸ್ವತಿಪುರದಿಂದ ಆಟೋದಲ್ಲಿ ಹೋಗಿ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ದಿನಕ್ಕೆ ಇಪ್ಪತ್ತೇ ನಿಮಿಷ ನಡೆದೆ. ಮೊದಲ ದಿನ ಹಕ್ಕಿಗಳನ್ನು ನೋಡುತ್ತಾ ಎಷ್ಟು ಚೆನ್ನಾಗಿತ್ತೆಂದರೆ ನನಗೇ ನಂಬಿಕೆ ಬರಲಿಲ್ಲ. ಎರಡನೆಯ ದಿನವೂ ಹೋದೆ. ಮೂರನೆಯ ದಿನ ಬೆಳಗ್ಗೆ ಹಲ್ಲುಜ್ಜುವ ಬ್ರಷ್ ಎತ್ತಲಾಗಲಿಲ್ಲ, ಮುಂದಿನ ಒಂಬತ್ತು ದಿನ ಕಿಟಕಿಯ ಪರದೆ ಎಳೆದು ಮಲಗಿದ್ದೆ. ಆ ಒಂಬತ್ತು ದಿನಗಳಲ್ಲಿ ತೂಕ 900 ಗ್ರಾಂ ಹೆಚ್ಚಾಗಿತ್ತು, ಆ್ಯಪ್ "ಸವಾಲು ಕೈತಪ್ಪಿತು" ಎಂದು ಅಳುಮುಖ ತೋರಿಸುತ್ತಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆ 2007ರ ತನ್ನ ಮಾರ್ಗಸೂಚಿಯಲ್ಲಿ ಈ ಕಾಯಿಲೆಗೆ ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಸೂಚಿಸಿತ್ತು, 2021ರ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟು, ಹಾಗೆ ಮಾಡಿಸಬಾರದು ಎಂದೇ ಬರೆಯಿತು. ಅದೇ ಮಾರ್ಗಸೂಚಿಯಲ್ಲಿ, ತೂಕ ಏರುತ್ತಿದ್ದರೂ ಇಳಿಯುತ್ತಿದ್ದರೂ ರೋಗಿಯನ್ನು ಈ ಕಾಯಿಲೆಯ ಅರಿವಿರುವ ಆಹಾರತಜ್ಞರ ಬಳಿಗೆ ಕಳಿಸಬೇಕೆಂಬ ಮಾತೂ ಇದೆ. ಆ್ಯಪ್ ಮಾಡಿದವರು ಇದನ್ನೆಲ್ಲ ಓದಬೇಕೆಂದು ನಾನು ನಿರೀಕ್ಷಿಸುವುದಿಲ್ಲ, ಆದರೆ ನೆನಪಿಸುವಿಕೆಯನ್ನು ನಿಲ್ಲಿಸುವ ಗುಂಡಿಯನ್ನು ಐದು ಪುಟಗಳ ಹಿಂದೆ ಬಚ್ಚಿಡದೆ ಕಣ್ಣೆದುರು ಇಡಬಹುದಿತ್ತು. ಏರಿದ ತೂಕದ ಕಾರಣವನ್ನು ಕೊನೆಗೆ ತೋರಿಸಿಕೊಟ್ಟದ್ದು ಕ್ಯಾಲೆಂಡರ್: ನೋವಿಗೂ ನಿದ್ದೆಗೂ ರಾತ್ರಿ ಹೊತ್ತು ಅಮಿಟ್ರಿಪ್ಟಿಲಿನ್ ಶುರುಮಾಡಿದ್ದು ಫೆಬ್ರವರಿ 12, ಏರಿಕೆ ಶುರುವಾದದ್ದು ಅದರ ಮುಂದಿನ ವಾರ. ತೂಕ ಹೆಚ್ಚುವುದು ಆ ಮಾತ್ರೆಯ ಪರಿಚಿತ ಅಡ್ಡಪರಿಣಾಮ. ವೈದ್ಯರು ಜೂನ್ ಕೊನೆಯಿಂದ ಅದನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು.

ಜುಲೈ ಎರಡನೆಯ ವಾರದಿಂದ ತೂಕ ಇಳಿಯತೊಡಗಿತು. ಮಾತ್ರೆ ನಿಂತಿತಲ್ಲ, ಇಳಿಯಬೇಕಾದದ್ದೇ ಎಂದುಕೊಂಡೆವು. ಆದರೆ ಇಳಿಕೆ ಏರಿಕೆಗಿಂತ ಬಿರುಸಾಗಿತ್ತು, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ 60.9. ಹತ್ತು ವಾರದಲ್ಲಿ 3.7 ಕೆಜಿ. ಆ್ಯಪಿಗೆ ಹಬ್ಬವೋ ಹಬ್ಬ. ಕೆಂಪು ಹೋಗಿ ಹಸಿರು ಬಂತು, ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು, ಗುರಿಯತ್ತ ಸಾಗುತ್ತಿದ್ದೀರಿ ಎಂಬ ಅಭಿನಂದನೆ ಬಂತು. ನಾನೊಂದು ಗುರಿಯನ್ನೂ ಹಾಕಿಕೊಂಡಿರಲಿಲ್ಲ. ಅದು ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ ಅಂಕಿ 25ಕ್ಕಿಂತ ಕೆಳಗಿದ್ದರೆ ಎಲ್ಲವೂ ಒಳ್ಳೆಯದೆಂದೂ (ಭಾರತೀಯರಿಗೆ ಹಾಕಿರುವ ಗೆರೆ 23, ಅದೂ ಇದಕ್ಕೆ ಗೊತ್ತಿಲ್ಲ), ತೂಕ ಇಳಿಯುವುದೆಲ್ಲ ಗೆಲುವೆಂದೂ ತಿಳಿದುಕೊಂಡ ಆ್ಯಪ್. ಬೇಕೆಂದು ಇಳಿಸಿಕೊಳ್ಳದೆ ಆರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ದೇಹತೂಕದ ಶೇಕಡಾ 5ಕ್ಕಿಂತ ಹೆಚ್ಚು ಕಡಿಮೆಯಾದರೆ ತಪಾಸಣೆ ಮಾಡಿಸಬೇಕೆಂಬುದು ವೈದ್ಯರ ಸಾಮಾನ್ಯ ನಿಯಮ. ನನ್ನದು ಹತ್ತೇ ವಾರದಲ್ಲಿ 5.7. ದಪ್ಪಗಿದ್ದವರು ಇಳಿದಾಗ ಮನೆಯವರೂ, ಕೆಲವೊಮ್ಮೆ ವೈದ್ಯರೂ "ಒಳ್ಳೇದಾಯ್ತು ಬಿಡಿ" ಎನ್ನುವುದುಂಟು. ನಾನು ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿಯೂ ಹಾಗೇ ಆಯಿತು, "ಎಲ್ಲ ಬಳಲಿಕೆಯ ಕಾಯಿಲೆಯದೇ" ಎಂಬ ಮಾತೂ ಬಂತು. ಕ್ಯಾಲೆಂಡರಿನ ಮೂರು ಹಾಳೆಗಳನ್ನು ಹರಿದುಕೊಂಡು ಹೋಗಿ ಎರಡನೆಯ ವೈದ್ಯರ ಮೇಜಿನ ಮೇಲೆ ಹಾಸಿದಾಗ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಭಾನುವಾರ ಓದಿದರು, ಆಮೇಲೆ ಥೈರಾಯ್ಡ್, ಸಕ್ಕರೆ, ಬೆಳಗಿನ ಕಾರ್ಟಿಸಾಲ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ, ಕ್ಷಯಕ್ಕಾಗಿ ಎದೆಯ ಎಕ್ಸ್‌ರೇ, ಎಲ್ಲ ಬರೆದರು. ಬಳಲಿಕೆಯ ಕಾಯಿಲೆ ಇದೆಯೆಂದ ಮಾತ್ರಕ್ಕೆ ಬೇರೆ ಕಾಯಿಲೆ ಬರಬಾರದೆಂದೇನೂ ಇಲ್ಲವಲ್ಲ ಎಂದರು. ಈ ಯಂತ್ರಕ್ಕೆ ಕೊಟ್ಟ 1,799 ರೂಪಾಯಿ ವಸೂಲಾದದ್ದು ಆ ಐದು ನಿಮಿಷದಲ್ಲಿ.

ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದವು. ಹಾಗಾದರೆ ಕಾರಣವೇನೆಂದು ಹಾಳೆಗಳನ್ನು ಮತ್ತೆ ನೋಡುವಾಗ, ಜುಲೈ 7ರ ಚೌಕದಲ್ಲಿ ತೂಕದ ಕೆಳಗೆ ನಾನೇ ಬರೆದ ಎರಡು ಪದ ಕಣ್ಣಿಗೆ ಬಿತ್ತು: "ಮಗಳು ಹಾಸ್ಟೆಲಿಗೆ". ಅವಳು ಬೆಂಗಳೂರಿಗೆ ಹೋದ ಮೇಲೆ ಮಧ್ಯಾಹ್ನ ಅನ್ನ ಬಿಸಿಮಾಡಿ, ತಟ್ಟೆಗೆ ಬಡಿಸಿ ಕೈಗೆ ಕೊಡುವವರು ಯಾರೂ ಇರಲಿಲ್ಲ. ಮನೆಯವರು ಬರುವುದು ಸಂಜೆಗೆ. ಎದ್ದು ಹೋಗಿ ಬಡಿಸಿಕೊಳ್ಳುವ ತ್ರಾಣವಿಲ್ಲದೆ, ಹಸಿವೂ ಹೇಳಿಕೊಳ್ಳುವಂತಿಲ್ಲದೆ, ಒಂದು ಲೋಟ ಮಜ್ಜಿಗೆಯಲ್ಲಿ ಮಧ್ಯಾಹ್ನ ಕಳೆದುಹೋಗುತ್ತಿತ್ತು, ಅದು ಊಟ ಬಿಟ್ಟಂತೆ ಎಂದು ನನಗೆ ಹೊಳೆದೇ ಇರಲಿಲ್ಲ. ಮಂಚದ ಪಕ್ಕದಲ್ಲೇ ಬೆಳಗ್ಗೆ ಡಬ್ಬಿ ಕಟ್ಟಿಡುವ ವ್ಯವಸ್ಥೆ ಸೆಪ್ಟೆಂಬರ್ ಮಧ್ಯದಿಂದ ಶುರುವಾಯಿತು. ಆದರೂ ಲೆಕ್ಕ ಪೂರ್ತಿ ಹೊಂದಲಿಲ್ಲ: ಹೊಟ್ಟೆ ತುಂಬ ತಿಂದ ಮೂರು ವಾರಗಳಲ್ಲಿಯೂ ತೂಕ ಇನ್ನೂ ಮುಕ್ಕಾಲು ಕೆಜಿ ಇಳಿದು, ಅಕ್ಟೋಬರಿನಲ್ಲಿ ತಾನಾಗಿಯೇ ನಿಂತಿತು. ಆ ಮುಕ್ಕಾಲು ಕೆಜಿಗೆ ಕಾರಣವನ್ನು ವೈದ್ಯರೂ ಹೇಳಲಿಲ್ಲ, ನಾನೂ ಹುಡುಕುವುದನ್ನು ಬಿಟ್ಟಿದ್ದೇನೆ.

ದಿನದಿನದ ಏರಿಳಿತಕ್ಕೆ ಹೆದರಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಹಿಂದಿನ ರಾತ್ರಿಯ ಉಪ್ಪಿನಕಾಯಿ, ಹಪ್ಪಳ, ಮುಟ್ಟಿನ ಹಿಂದಿನ ದಿನಗಳು, ಮಲಬದ್ಧತೆ, ಇವೆಲ್ಲ ಸೇರಿ ಒಂದೆರಡು ಕೆಜಿ ಅತ್ತಿತ್ತ ಆಗುವುದು ಆರೋಗ್ಯವಂತರಲ್ಲೂ ಇದ್ದದ್ದೇ. ಸತತ ನಾಲ್ಕು ಭಾನುವಾರ ಒಂದೇ ದಿಕ್ಕಿಗೆ ಹೋದರೆ ಮಾತ್ರ ನಾನು ಯೋಚಿಸುತ್ತೇನೆ. ಅಂಕಿ ಕಂಡರೆ ಊಟ ಬಿಡುವ ಸ್ವಭಾವದವರು, ಊಟದ ಬಗ್ಗೆ ಹಿಂದೆ ತೊಂದರೆ ಅನುಭವಿಸಿದವರು ಈ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳದಿರುವುದೇ ಮೇಲು. ತಿಂಗಳಿಗೊಮ್ಮೆ ಕ್ಲಿನಿಕ್ಕಿನಲ್ಲಿ ನೋಡಿಸಿದರೆ ಸಾಕು.

ಉಳಿದ ವಿಷಯಗಳು ಬೇಗ ಮುಗಿಯುತ್ತವೆ. ಮೂರು ಬ್ಯಾಟರಿಗಳು ಒಂದು ವರ್ಷಕ್ಕಿಂತ ಹೆಚ್ಚು ಬಂದವು. ಗಾಜು ಗಟ್ಟಿ. ಅಂಕಿಗಳು ದೊಡ್ಡವಾಗಿ, ಬೆಳಕಿನಲ್ಲಿ ಮೂಡುವುದರಿಂದ ಕನ್ನಡಕವಿಲ್ಲದೆಯೂ ಕಾಣುತ್ತವೆ, ಬೆಳಕಿಗೆ ಕಣ್ಣು ಕುಕ್ಕುವ ದಿನಗಳಲ್ಲಿ ಅದೇ ಹಿಂಸೆ. ಆ್ಯಪ್ ಕನ್ನಡದಲ್ಲಿ ಇಲ್ಲ. 2025ರ ಮಾರ್ಚಿನಲ್ಲಿ ಅಪ್‌ಡೇಟ್ ಆದಾಗ ಹಿಂದಿನ ಮೂರು ತಿಂಗಳ ದಾಖಲೆ ಅಳಿಸಿಹೋಯಿತು. ಗ್ರಾಹಕ ಸೇವೆಗೆ ಮೂರು ಸಲ ಬರೆದದ್ದಕ್ಕೆ ಮೂರು ಸಲವೂ ಆ್ಯಪನ್ನು ತೆಗೆದು ಮತ್ತೆ ಹಾಕಿಕೊಳ್ಳಿ ಎಂಬ ಒಂದೇ ಉತ್ತರ ಬಂತು.

ಕೊಳ್ಳಬೇಕೆ ಎಂದು ಕೇಳಿದರೆ, ಈ ಯಂತ್ರವನ್ನಲ್ಲ, ಇದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವ, ತೂಕ ತೋರಿಸಿ ಸುಮ್ಮನಾಗುವ ಸಾದಾ ಡಿಜಿಟಲ್ ಯಂತ್ರವನ್ನು ಕೊಳ್ಳಿ ಎನ್ನುತ್ತೇನೆ. ಅಗಲವಾದ, ನೆಲಕ್ಕೆ ತಗ್ಗಾಗಿರುವ, ಮೇಲ್ಮೈ ಜಾರದ ಮಾದರಿಯನ್ನು ಆರಿಸಿ, ಕುರ್ಚಿಯ ಪಕ್ಕದಲ್ಲಿ ಇಡಿ. ತೂಕದ ಜೊತೆಗೆ ಹೊಸ ಮಾತ್ರೆ, ನಿಲ್ಲಿಸಿದ ಮಾತ್ರೆ, ಜ್ವರ, ಮುಟ್ಟು, ಮನೆಗೆ ಬಂದವರು ಹೋದವರು, ಎಲ್ಲವನ್ನೂ ಎರಡೆರಡು ಪದದಲ್ಲಿ ಬರೆದಿಡಿ. ಈಗಾಗಲೇ ಸ್ಮಾರ್ಟ್ ಯಂತ್ರ ಕೊಂಡಿದ್ದರೆ ಬಿಸಾಡಬೇಕಿಲ್ಲ, ಆ್ಯಪನ್ನು ಅಳಿಸಿದರೆ ಅದೇ ಸಾದಾ ಯಂತ್ರವಾಗುತ್ತದೆ. ನಾನು ಮಾಡಿರುವುದೂ ಅದನ್ನೇ.

ಹಬ್ಬಕ್ಕೆಂದು ಹಳೆಯ ರವಿಕೆಯೊಂದನ್ನು ಮೊನ್ನೆ ದರ್ಜಿಗೆ ಕೊಟ್ಟಿದ್ದೆ. ಒಳಗೆ ಮೂರು ಸಾಲು ಹೊಲಿಗೆ ಇತ್ತಂತೆ, ಒಂದು ಬಿಚ್ಚಿದ್ದು, ಒಂದು ಮತ್ತೆ ಹಾಕಿದ್ದು, ಇನ್ನೊಂದು ಅರ್ಧ ಬಿಚ್ಚಿದ್ದು. "ಯಾವ ಅಳತೆಗೆ ಹೊಲೀಲಮ್ಮ?" ಎಂದು ಕೇಳಿದರು. ಒಳಗೆ ಒಂದು ಇಂಚು ಬಟ್ಟೆ ಬಿಟ್ಟು ಹೊಲಿಯಿರಿ ಎಂದು ಹೇಳಿ ಬಂದೆ.